ಮೂರು ಪಾಲಿನ ಹಬ್ಬ: ಬೀದರ ಸೀಮೆಯ ಬಕ್ರೀದ್

ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ 1470ರ ಆಸುಪಾಸಿನಲ್ಲಿ ಒಂದು ಗಂಡುಕುದುರೆ ಮಾರಲು ಬೀದರಿಗೆ ಬಂದಿದ್ದ. ಆಗ ಬಹಮನಿ ಗಾದಿಯಲ್ಲಿದ್ದವನು ಮೂರನೆಯ ಮುಹಮ್ಮದ್ ಶಾಹ. ರಾಜ್ಯದ ಚುಕ್ಕಾಣಿ ಮಹಮೂದ್ ಗಾವಾನನ ಕೈಯಲ್ಲಿತ್ತು. ನಿಕಿತಿನ್ ಬೈರಾಮ್ ಎಂದು ಕರೆಯುವ ಈದ್ ದಿನ ಸುಲ್ತಾನ ಮೆರವಣಿಗೆಯಲ್ಲಿ ಹೊರಟ. ಉಕ್ಕಿನ ಕವಚ ತೊಟ್ಟ 300 ಆನೆ, ನಗಾರಿ ಹೊತ್ತ 100 ಒಂಟೆ, ಬಂಗಾರದ ಸಾಜಿನ ಕುದುರೆಗಳು ಎಂದು ಅವನು ಕಂಡದ್ದನ್ನೆಲ್ಲ ಎಣಿಸಿ ಬರೆದಿಟ್ಟ. ದಾರಿಯಲ್ಲಿ ದರೋಡೆಯಾಗಿ ಅವನ ಧರ್ಮದ ಪುಸ್ತಕಗಳು ಹೋಗಿದ್ದವು. ತನ್ನ ಹಬ್ಬಗಳು ಎಂದು ಬರುತ್ತವೆಂಬ ಲೆಕ್ಕವೇ ತಪ್ಪಿತ್ತು. ಹಾಗಾಗಿ ಮುಸ್ಲಿಮರು ಉಪವಾಸ ಇದ್ದಾಗ ತಾನೂ ಇದ್ದ. ಪರವೂರಿನ ಮನುಷ್ಯನೊಬ್ಬ ನಮ್ಮ ಊರಿನ ಚಂದ್ರನನ್ನು ನೋಡಿ ತನ್ನ ದೇವರನ್ನು ನೆನೆದ ಸಂಗತಿ ನನಗೆ ಆ 300 ಆನೆಗಿಂತ ದೊಡ್ಡದು.

ಔರಾದ ತಾಲ್ಲೂಕಿನ ಶಾಲೆಗಳಲ್ಲಿ ಇತಿಹಾಸ ಪಾಠ ಮಾಡುತ್ತ ನಾನು ಈ ಮೆರವಣಿಗೆಯನ್ನು ಮಕ್ಕಳಿಗೆ ಬಹಳ ಸಲ ಹೇಳಿದ್ದೇನೆ. ಹೇಳುವಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತಿತ್ತು. ಆನೆ ಎಣಿಸಿದವರು ಸಿಕ್ಕರು. ಬೀದರ ಕೋಟೆಯೊಳಗೆ ಹಬ್ಬಕ್ಕೆ ಕುರಿ, ಆಡು ಎಲ್ಲಿಂದ ಬಂದವು, ಯಾರು ಮೇಯಿಸಿದರು, ಯಾರ ಮನೆಗೆ ಎಷ್ಟು ಪಾಲು ಹೋಯಿತು ಎಂದು ಎಣಿಸಿದವರು ಯಾರು? ನಾನು ಭಾಲ್ಕಿಯಲ್ಲಿ ಹುಟ್ಟಿದವಳು, ಔರಾದಿನಲ್ಲಿ ನೌಕರಿ ಮಾಡಿದವಳು, ಈಗ ಬೀದರಿನ ಹಳೆಯ ಊರಿನಲ್ಲಿ ಚೌಬಾರಾದ ಹತ್ತಿರ ಮನೆ ಮಾಡಿಕೊಂಡಿದ್ದೇನೆ. ಈ ಮೂರೂ ಊರಿನ ಬಕ್ರೀದನ್ನು ಕಂಡ ನನಗೆ ಅನಿಸುವುದು ಇಷ್ಟು: ಈ ಹಬ್ಬದ ಚರಿತ್ರೆ ಇರುವುದು ಹಂಚಿಕೆಯಲ್ಲಿ. ಅದನ್ನು ಬರೆದಿಟ್ಟವರು ಕಡಿಮೆ.

ಹಬ್ಬದ ಮೂಲ ಪ್ರವಾದಿ ಇಬ್ರಾಹೀಮರ ಕಥೆ. ಮಗನನ್ನೇ ಬಲಿ ಕೊಡುವಂತೆ ಅವರಿಗೆ ಕನಸು ಬಿತ್ತು. ಅವರು ಕನಸನ್ನು ಮಗನಿಗೆ ಹೇಳಿ, ನಿನಗೇನು ಅನಿಸುತ್ತದೆ ಎಂದು ಕೇಳಿದರು, ಮಗ ಒಪ್ಪಿದ. ಕತ್ತಿ ಎತ್ತಿದ ಗಳಿಗೆಯಲ್ಲಿ ಮಗನ ಬದಲಿಗೆ ಪ್ರಾಣಿಯ ಬಲಿ ಸಂದಿತು. ಕುರಾನಿನ 37ನೇ ಅಧ್ಯಾಯದಲ್ಲಿ ಈ ಪ್ರಸಂಗ ಬರುತ್ತದೆ, ಆದರೆ ಮಗನ ಹೆಸರು ಅಲ್ಲಿಲ್ಲ. ಯಹೂದಿ ಮತ್ತು ಕ್ರೈಸ್ತ ಪರಂಪರೆ ಆ ಮಗನನ್ನು ಇಸಾಕ್ ಎನ್ನುತ್ತದೆ. ಮುಸ್ಲಿಮರಲ್ಲಿ ಹೆಚ್ಚಿನವರು ಇಸ್ಮಾಈಲ್ ಎನ್ನುತ್ತಾರೆ. ಮಗನನ್ನು ಕೇಳದೆ ತಂದೆ ಮುಂದೆ ಹೋಗಲಿಲ್ಲ ಎನ್ನುವ ಭಾಗವನ್ನು ನಮ್ಮ ದಾದಿ (ಅಪ್ಪನ ತಾಯಿ) ಪ್ರತಿ ವರ್ಷ ಒತ್ತಿ ಹೇಳುತ್ತಿದ್ದರು. ಪ್ರಾಣಿಯ ಮಾಂಸವಾಗಲಿ ರಕ್ತವಾಗಲಿ ಅಲ್ಲಾಹನನ್ನು ಮುಟ್ಟುವುದಿಲ್ಲ, ಮುಟ್ಟುವುದು ಮನುಷ್ಯನ ಭಯಭಕ್ತಿ ಎಂಬ ಅರ್ಥದ ಮಾತು 22ನೇ ಅಧ್ಯಾಯದಲ್ಲಿದೆ. ದೇವರಿಗೆ ಮಾಂಸ ಬೇಡವೆಂದ ಮೇಲೆ ಅದು ಯಾರಿಗೆ ಸೇರಬೇಕು? ಉಳಿದ ನೇಮಗಳೆಲ್ಲ ಈ ಪ್ರಶ್ನೆಗೆ ಕೊಟ್ಟ ಉತ್ತರಗಳೆಂದು ನಾನು ತಿಳಿದಿದ್ದೇನೆ.

ಜುಲ್‌ಹಿಜ್ಜಾ ತಿಂಗಳ 10ನೇ ದಿನ ಹಬ್ಬ. ಹಿಂದಿನ ದಿನ ಹಜ್ ಯಾತ್ರಿಕರು ಅರಫಾ ಬಯಲಿನಲ್ಲಿ ನಿಂತು ಪ್ರಾರ್ಥಿಸುತ್ತಾರೆ, ಮರುದಿನ ಮಿನಾದಲ್ಲಿ ಬಲಿ ಕೊಡುತ್ತಾರೆ. ಹೋಗಲಾರದವರು ತಮ್ಮ ಊರಿನಲ್ಲೇ ಕುರ್ಬಾನಿ ಕೊಟ್ಟು ಅವರ ಜತೆಗೂಡುತ್ತಾರೆ. ಬೀದರಿನಂಥ ಒಳನಾಡಿನ ಊರಿಗೆ ಹಿಂದೆ ಹಜ್ ಎಂದರೆ ಮೊದಲು ಕಡಲು ಮುಟ್ಟಬೇಕಿತ್ತು. ರಾಜಧಾನಿ ಇನ್ನೂ ಕಲಬುರಗಿಯಲ್ಲಿದ್ದ 14ನೇ ಶತಮಾನದಲ್ಲೇ ಬಹಮನಿ ಸುಲ್ತಾನ ಮೊದಲನೆಯ ಮುಹಮ್ಮದ್ ಶಾಹನ ತಾಯಿ ಹಜ್ ಮಾಡಿ ಬಂದಿದ್ದಳು. ಮುಂದೆ ಕೊಂಕಣದ ಕರಾವಳಿಯಲ್ಲಿ ವ್ಯಾಪಾರಿಗಳ, ಯಾತ್ರಿಕರ ಹಡಗುಗಳ ಮೇಲೆ ದಾಳಿ ಹೆಚ್ಚಿದಾಗ ಮಹಮೂದ್ ಗಾವಾನ್ ಅಲ್ಲಿಗೆ ದಂಡೆತ್ತಿ ಹೋದ. 1472ರಲ್ಲಿ ಗೋವಾ ಬಹಮನಿಗಳ ವಶವಾಯಿತು. ನಿಜಾಮರ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದ ಯಾತ್ರಿಕರಿಗಾಗಿ ಮಕ್ಕಾದಲ್ಲಿ ರುಬಾತ್ ಎಂಬ ವಸತಿಗೃಹಗಳನ್ನು ಇಟ್ಟರು. ಸಂಸ್ಥಾನ ಹೋಗಿ ಎಷ್ಟೋ ಕಾಲವಾದರೂ ಆ ರುಬಾತ್‌ನಲ್ಲಿ ಉಳಿಯುವ ಅವಕಾಶ ಬೀದರ, ಕಲಬುರಗಿ, ರಾಯಚೂರಿನವರಿಗೆ ಈಗಲೂ ಇದೆ.

ಇನ್ನು ನೇಮಗಳು. ನಮ್ಮ ಕಡೆ ಬಹುತೇಕ ಎಲ್ಲರೂ ಹನಫಿ ಪಂಥದವರು. ಸಾಲ, ಸಂಸಾರದ ಅಗತ್ಯ ಕಳೆದು 52½ ತೊಲೆ ಬೆಳ್ಳಿಯ ಬೆಲೆಯಷ್ಟು ಉಳ್ಳವರು ಕುರ್ಬಾನಿ ಕೊಡಲೇಬೇಕು. ಈ ಲೆಕ್ಕ ಗಂಡಸರಿಗೆ ಎಷ್ಟೋ ಹೆಂಗಸರಿಗೂ ಅಷ್ಟೇ. ಮೈಮೇಲೆ ಸ್ವಂತ ಬಂಗಾರ ಇದ್ದ ಹೆಂಗಸಿನ ಕುರ್ಬಾನಿ ಅವಳ ಹೆಸರಿನದು. ಗಂಡನ ಹೆಸರಿನಲ್ಲಿ ಅದು ಮುಗಿಯುವುದಿಲ್ಲ. ನಮ್ಮ ಅಮ್ಮಿ ಕೋಳಿ ಸಾಕಿ, ಬಟ್ಟೆ ಹೊಲಿದು ಕೂಡಿಸಿದ ರೊಕ್ಕದಲ್ಲಿ ತಮ್ಮ ಹೆಸರಿನ ಆಡು ತರಿಸುತ್ತಿದ್ದರು. ಆಡಿಗೆ ವರ್ಷ ತುಂಬಿರಬೇಕು. ಬಾಯಿ ತೆರೆದು ಎರಡು ದೊಡ್ಡ ಹಲ್ಲು ಬಂದಿವೆಯೇ ಎಂದು ನೋಡುವುದು ಅದಕ್ಕೇ. ಕುರುಡು, ಕುಂಟು, ಬುಡದಿಂದ ಕೋಡು ಮುರಿದದ್ದು, ರೋಗದಿಂದ ಸೊರಗಿದ್ದು ಸಲ್ಲದು. ತನಗೆ ಬೇಡವಾದದ್ದನ್ನು ದೇವರ ಹೆಸರಿನಲ್ಲಿ ಸಾಗಹಾಕಬಾರದು ಎಂಬುದು ಇದರ ತಿರುಳು.

ಈದ್ ನಮಾಜ್ ನಡೆಯುವ ಊರಿನಲ್ಲಿ ನಮಾಜ್ ಮುಗಿಯುವ ತನಕ ಕೊಯ್ಯುವಂತಿಲ್ಲ. ಗಂಡಸರು ಏನೂ ತಿನ್ನದೆ ಈದ್‌ಗಾಹಕ್ಕೆ ಹೋಗುತ್ತಾರೆ, ತಕ್‌ಬೀರ್ ಹೇಳುತ್ತ ಒಂದು ದಾರಿಯಿಂದ ಹೋಗಿ ಇನ್ನೊಂದು ದಾರಿಯಿಂದ ಬರುತ್ತಾರೆ. ಬಂದ ಮೇಲೆ ಮೊದಲ ತುತ್ತು ಕುರ್ಬಾನಿಯದೇ. ಸಾಮಾನ್ಯವಾಗಿ ಬೇಗ ಬೇಯುವ ಕಲೇಜಿ, ಅಂದರೆ ಯಕೃತ್ತು. ಕೊಯ್ಯುವ ಕತ್ತಿ ಹರಿತವಾಗಿರಬೇಕು, ಪ್ರಾಣಿಯ ಎದುರಿಗೆ ಕತ್ತಿ ಮಸೆಯಬಾರದು, ಒಂದರ ಎದುರಿಗೆ ಇನ್ನೊಂದನ್ನು ಕೊಯ್ಯಬಾರದು, ನೀರು ಕುಡಿಸಿ ಮಲಗಿಸಬೇಕು. ನನ್ನ ಅಬ್ಬಾ ಇದರಲ್ಲಿ ಕೂದಲೆಳೆಯಷ್ಟೂ ಬಿಡುತ್ತಿರಲಿಲ್ಲ. ಹಬ್ಬಕ್ಕೆ ಮೂರು ನಾಲ್ಕು ದಿನ ಮೊದಲೇ ಆಡು ಮನೆಗೆ ಬಂದಿರುತ್ತಿತ್ತು. ಹುಲ್ಲು, ನೀರು, ಮೈತೊಳೆಯುವ ಕೆಲಸ ಮಕ್ಕಳದು. ಹಬ್ಬದ ದಿನ ನಾವು ಅಳುತ್ತಿದ್ದೆವು. ಅಳಬೇಡಿ ಎಂದು ನಮ್ಮ ಮನೆಯಲ್ಲಿ ಯಾರೂ ಗದರಲಿಲ್ಲ. ಅಕ್ಕರೆಯಿಲ್ಲದೆ ಕೊಟ್ಟದ್ದು ಕೊಟ್ಟಂತಲ್ಲ ಎನ್ನುತ್ತಿದ್ದರು ದಾದಿ.

ಮಾಂಸಕ್ಕೆ ಮೂರು ಹಿಸ್ಸಾ: ಒಂದು ಮನೆಗೆ, ಒಂದು ಬಂಧುಬಳಗಕ್ಕೆ, ಒಂದು ಬಡವರಿಗೆ. ಕೊಯ್ದವನಿಗೆ ಕೂಲಿಯೆಂದು ಮಾಂಸವನ್ನಾಗಲಿ ತೊಗಲನ್ನಾಗಲಿ ಕೊಡುವಂತಿಲ್ಲ; ಕೂಲಿಯನ್ನು ರೊಕ್ಕದಲ್ಲಿ ಬೇರೆಯೇ ಕೊಡಬೇಕು, ಮಾಂಸವನ್ನು ಪಾಲೆಂದೇ ಕೊಡಬೇಕು. ತೊಗಲನ್ನು ಮಾರಿ ಆ ರೊಕ್ಕವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ದುಡಿದವನ ಕೂಲಿ ಬೇರೆ, ಬಡವನ ಹಕ್ಕು ಬೇರೆ, ಒಂದನ್ನು ಇನ್ನೊಂದರಲ್ಲಿ ಮುರಿದುಕೊಳ್ಳಬಾರದು ಎಂದು ಇಷ್ಟು ಖಚಿತವಾಗಿ ಹೇಳಿದ ಈ ನೇಮ ನನಗೆ ಹಬ್ಬದ ಹೆಮ್ಮೆಯ ಭಾಗ.

ಭಾಲ್ಕಿಯ ನಮ್ಮ ಮನೆಯಲ್ಲಿ ಹಂಚುವ ಅಧಿಕಾರ ಹೆಂಗಸರದು. ಅಂಗಳದಲ್ಲಿ ಚಾಪೆ ಹಾಸಿ, ಎಲುಬು, ಮೆತ್ತನೆ ಮಾಂಸ ಎರಡನ್ನೂ ಕಲಸಿ, ತಕ್ಕಡಿಯಲ್ಲಿ ತೂಗಿ ಮೂರು ರಾಶಿ ಹಾಕುತ್ತಿದ್ದರು. ಒಳ್ಳೆಯ ತುಂಡು ಮನೆಗೆ, ಎಲುಬು ಹೊರಗೆ ಎಂಬ ಮಾತಿಲ್ಲ. ಮೊದಲ ತಾಟು ಗಂಡ ಸತ್ತ ಹೆಂಗಸರ ಮನೆಗೆ, ಆಮೇಲೆ ಕುರ್ಬಾನಿ ಆಗದ ಮನೆಗಳಿಗೆ. ಪಾಲು ತಂದವರಿಗೆ ಪಡೆದವರು ಉಪಕಾರ ಹೇಳುವ ರೂಢಿ ಇರಲಿಲ್ಲ, ಅದು ಅವರದ್ದೇ ಆಸ್ತಿ. ನಮ್ಮ ಓಣಿಯಲ್ಲಿ ಲಿಂಗಾಯತರ ಮನೆಗಳು ಹೆಚ್ಚು. ಅವರಿಗೆ ಹಬ್ಬದ ಶಿಧಾ ಹೋಗುತ್ತಿತ್ತು: ಶಾವಿಗೆ, ಸಕ್ಕರೆ, ಒಣಕೊಬ್ಬರಿ, ಉತ್ತತ್ತಿ, ಎಲ್ಲ ಬೇಯಿಸದೆ, ಅವರು ತಮ್ಮ ಒಲೆಯ ಮೇಲೆ ಮಾಡಿಕೊಳ್ಳಲೆಂದು. ಅವರ ಮನೆಯಿಂದ ನಾಗರ ಪಂಚಮಿಗೆ ಉಂಡಿ, ಯುಗಾದಿಗೆ ಹೋಳಿಗೆ ನಮಗೆ ಬರುತ್ತಿದ್ದವು. ನಾನು ಕನ್ನಡದಲ್ಲಿ ಓದಲು ಬರೆಯಲು ಕಲಿತದ್ದೂ ಇದೇ ಭಾಲ್ಕಿಯ ನೆಲದಲ್ಲಿ. ನಿಜಾಮರ ಆಳಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಹಿರೇಮಠ ಇರುವ ಊರು ಅದು.

ಉಳಿದ ಮಾಂಸವನ್ನು ಕೆಡದಂತೆ ಇಡುವುದು ಬೇರೆಯೇ ವಿದ್ಯೆ. ಫ್ರಿಜ್ ಇಲ್ಲದ ಕಾಲದಲ್ಲಿ ಉದ್ದುದ್ದ ಸೀಳಿ, ಉಪ್ಪು ಅರಿಸಿನ ಹಚ್ಚಿ, ಮಾಳಿಗೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು. ಆ ಖಂಡವನ್ನು ಮಳೆಗಾಲದಲ್ಲಿ ಕೆಂಡದ ಮೇಲೆ ಸುಟ್ಟು, ಕುಟ್ಟಿ, ಜೋಳದ ರೊಟ್ಟಿಯ ಜತೆ ತಿನ್ನುತ್ತಿದ್ದೆವು. ಮೊದಲ ದಿನ ಕಲೇಜಿ, ಎರಡನೆಯ ದಿನ ಬಗಾರಾ ಖಾನಾ ಮತ್ತು ದಾಲ್ಚಾ, ಮೂರನೆಯ ದಿನ ರಾತ್ರಿಯಿಡೀ ಒಲೆಯ ಮೇಲಿಟ್ಟ ಪಾಯಾ. ಈ ಕ್ರಮ ಬೀದರಿನಲ್ಲೂ ಭಾಲ್ಕಿಯಲ್ಲೂ ಒಂದೇ.

ಹಳ್ಳಿಯ ಕಡೆ ಇನ್ನೊಂದು ಪದ್ಧತಿ ಇತ್ತು. ಕನ್ನಡ, ಮರಾಠಿ ಕೂಡುವ ಈ ಸೀಮೆಯ ಊರುಗಳಲ್ಲಿ ಬಡಿಗ, ಕಮ್ಮಾರ, ಕುಂಬಾರರಂತೆ ಮುಲ್ಲಾ ಕೂಡ ಬಲುತೆದಾರ, ಅಂದರೆ ಊರಿಗೆ ದುಡಿದು ಬೆಳೆಯಲ್ಲಿ ಪಾಲು ಪಡೆಯುವವ. ಊರದೇವಿಯ ಜಾತ್ರೆಗೆ, ಮದುವೆಯ ಬಾಡೂಟಕ್ಕೆ ಹಿಂದೂ ಮನೆಗಳವರೂ ಕುರಿ ಕೊಯ್ಯಲು ಅವನನ್ನು ಕರೆಯುತ್ತಿದ್ದರು. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಕಾಳಿನ ಪಾಲು ಸಲ್ಲುತ್ತಿತ್ತು. ಊರಿನ ಎಲ್ಲರ ಕುರಿ ಕೊಯ್ಯುವವನು ಬಕ್ರೀದ್‌ಗೆ ತನ್ನದೊಂದು ಆಡು ಕೊಯ್ದಾಗ ಅದು ಊರಿಗೆ ಹೊಸ ಸಂಗತಿಯಾಗಿರಲಿಲ್ಲ. ಇದೇ ನೆಲದಲ್ಲಿ ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿದ್ದಾನೆ, ಕುರಿ ಕಾಯುವವರ ದೇವರು. ಬಕ್ರೀದ್‌ಗೆ ಮರಿ ಮಾರಿದ ರೊಕ್ಕದಲ್ಲಿ ಮಲ್ಲಣ್ಣನ ಹರಕೆ ತೀರಿಸಿದ ಕುರುಬರನ್ನು ನಾನು ಬಲ್ಲೆ. ಬೀದರಿಗೆ ಹತ್ತಿರದ ಅಷ್ಟೂರಿನಲ್ಲಿ ಮಲಗಿರುವ ಅಹ್ಮದ್ ಶಾಹ ವಲಿಯ ಉರುಸು ಹೋಳಿ ಹುಣ್ಣಿಮೆಯ ಲೆಕ್ಕದಲ್ಲಿ ನಡೆಯುತ್ತದೆ. ಮಾಡಿಯಾಳದ ಜಂಗಮರು ಶಂಖ ಊದುತ್ತ ಅಲ್ಲಿಗೆ ಬರುತ್ತಾರೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಸುಲ್ತಾನ ಅವನೇ. ಬರಗಾಲದಲ್ಲಿ ಬಯಲಿಗೆ ಹೋಗಿ ಮಳೆಗಾಗಿ ಬೇಡಿದ, ಮಳೆ ಬಂತು, ಅಂದಿನಿಂದ ವಲಿ ಎನಿಸಿಕೊಂಡ ಎಂದು ಚರಿತ್ರೆಕಾರರು ಬರೆದಿದ್ದಾರೆ.

ಉರುಸಿಗೆ ಋತು ಉಂಟು, ಬಕ್ರೀದ್‌ಗೆ ಇಲ್ಲ. ಚಾಂದ್ರಮಾನ ವರ್ಷ ಸುಮಾರು 11 ದಿನ ಗಿಡ್ಡ; ಹಬ್ಬ ವರ್ಷವರ್ಷವೂ ಹಿಂದೆ ಸರಿಯುತ್ತ 33 ವರ್ಷಕ್ಕೊಮ್ಮೆ ಎಲ್ಲ ಕಾಲಗಳನ್ನೂ ಸುತ್ತಿ ಬರುತ್ತದೆ. ಇದರಿಂದ ನಮ್ಮ ಒಣಭೂಮಿಯ ರೈತನಿಗೆ ಆಗುವ ವ್ಯತ್ಯಾಸವನ್ನು ನಾನು ಔರಾದಿನಲ್ಲಿ ಕಂಡೆ. 1990ರ ದಶಕದ ಮೊದಲಲ್ಲಿ ಬಕ್ರೀದ್ ಜೂನ್‌ನಲ್ಲಿ ಬರುತ್ತಿತ್ತು, ಮಿರುಗದ ಮಳೆಯ ಹೊತ್ತಿಗೆ. ಹೆಸರು, ಉದ್ದು, ತೊಗರಿ ಬಿತ್ತಬೇಕು, ಬೀಜಕ್ಕೆ ರೊಕ್ಕ ಇಲ್ಲ, ಸಾವುಕಾರನ ಬಾಗಿಲಿಗೆ ಹೋಗಬೇಕು. ಆಗ ಮನೆಯ ಹಿಂದೆ ಕಟ್ಟಿದ ಎರಡು ಹೋತ ಕೈ ಹಿಡಿಯುತ್ತಿದ್ದವು. ತಾಂಡಾದ ಲಂಬಾಣಿ ಹೆಣ್ಣುಮಗಳೊಬ್ಬಳು ನನ್ನ ಶಾಲೆಯ ಬಾಗಿಲಲ್ಲಿ ನಿಂತು, “ಬಾಯಿ, ನಿಮ್ಮ ಹಬ್ಬ ಬಂತಂದ್ರ ನಮ್ಮ ಹೊಲಕ್ಕ ಬೀಜ ಬಂತ್ರಿ” ಎಂದಿದ್ದಳು. ಹಬ್ಬ ಚಳಿಗಾಲಕ್ಕೆ ಸರಿದಾಗ ಆ ಮಾತು ಅಷ್ಟು ನಿಜವಾಗಿರಲಿಲ್ಲ, ಆಗ ಕಣದಲ್ಲಿ ಕಾಳು ಇರುತ್ತಿತ್ತು. 2024ರಲ್ಲಿ ಜೂನ್ 17ಕ್ಕೆ ಹಬ್ಬ ಬಂದಾಗ ಅದೇ ಲೆಕ್ಕ ಮರಳಿತು. ಬಿತ್ತುವ ಬೀಜ ಈಗ ಹೆಚ್ಚಾಗಿ ಸೋಯಾ.

ಆ ಹೋತಗಳು ಬಿದರಿ ಕಲೆಯ ಹೂಜಿಯಷ್ಟು ಕಪ್ಪು. ಬೀದರಿ ಆಡನ್ನು ಕರ್ನಾಲ್‌ನ ರಾಷ್ಟ್ರೀಯ ಸಂಸ್ಥೆ ಈಗ ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ. ಕುರುಚಲು ಮೇಯ್ದು, ಬಿಸಿಲು ತಾಳಿ, ಬರದಲ್ಲೂ ಮರಿ ಹಾಕುವ ಈ ತಳಿಯನ್ನು ಉಳಿಸಿದವರು ಕುರುಬರು, ಧನಗರರು, ತಾಂಡಾದ ಹೆಂಗಸರು. ಕೊಳ್ಳುವವರು ಇದ್ದುದರಿಂದ ಅವರು ಸಾಕಿದರು. ಆ ಕೊಳ್ಳುವಿಕೆಯಲ್ಲಿ ಬಕ್ರೀದ್‌ನ ಪಾಲು ದೊಡ್ಡದು. ಸಂತೆಯಲ್ಲಿ ದಲಾಲರು ರುಮಾಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಮಾಡುವುದನ್ನು ನಾನು ನೋಡಿದ್ದೇನೆ. ಮಾರಾಟವಾದ ಮೇಲೆ ಮುದುಕನೊಬ್ಬ ಹಗ್ಗವನ್ನು ಅಬ್ಬಾನ ಕೈಗಿಡುತ್ತ, “ಮನಿಗಿ ಹುಟ್ಟಿದ ಮರಿ ಅದರಿ, ಛಲೋ ನೋಡ್ಕೋರಿ” ಎಂದು ಹೇಳಿದ್ದ.

ಕೆಟ್ಟ ವರ್ಷಗಳನ್ನೂ ಹೇಳಬೇಕು. 1948 ನಮ್ಮ ಜಿಲ್ಲೆಯ ಎಲ್ಲರ ಮೈಮೇಲೂ ಗಾಯ ಮಾಡಿಹೋದ ವರ್ಷ. ಮೇ ತಿಂಗಳಲ್ಲಿ ಗೋರ್ಟಾ ಊರಿನಲ್ಲಿ ನಿಜಾಮರ ಪರ ಹೊಡೆದಾಡುತ್ತಿದ್ದ ರಜಾಕಾರರು ಕೊಲೆಗಳನ್ನು ಮಾಡಿದರು. ಸೆಪ್ಟೆಂಬರ್ 17ರಂದು ನಿಜಾಮರ ಆಳಿಕೆ ಮುಗಿದ ಮೇಲಿನ ದಿನಗಳಲ್ಲಿ ಏನೂ ಅರಿಯದ ಮುಸ್ಲಿಂ ಕುಟುಂಬಗಳು ಸೇಡಿಗೆ ಬಲಿಯಾದವು. ಆ ಹಿಂಸೆಯನ್ನು ಕಂಡು ವರದಿ ಮಾಡಿದ ಪಂಡಿತ ಸುಂದರಲಾಲರ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಹೆಸರಿಸಿದ ನಾಲ್ಕರಲ್ಲಿ ಬೀದರವೂ ಒಂದು. ಬಕ್ರೀದ್ ಬಂದದ್ದು ಅಕ್ಟೋಬರ್ ಮಧ್ಯದಲ್ಲಿ, ಆ ಸೆಪ್ಟೆಂಬರ್ ಕಳೆದು ತಿಂಗಳೂ ತುಂಬಿರಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಕುರ್ಬಾನಿ ಆಗಲಿಲ್ಲ. ನಮ್ಮವರನ್ನು ಪಕ್ಕದ ಲಿಂಗಾಯತ ಕುಟುಂಬ ತಮ್ಮ ಕೊಟ್ಟಿಗೆಯ ಹಿಂದಿನ ಕೋಣೆಯಲ್ಲಿ ಇರಿಸಿಕೊಂಡಿತ್ತು. ಹಬ್ಬದ ದಿನ ಆ ಮನೆಯ ಹಿರಿಯ ಹೆಂಗಸು ರೊಟ್ಟಿ, ಬೆಲ್ಲ, ತುಪ್ಪ ತಂದಿಟ್ಟು, “ಇವತ್ತ ನಿಮ್ಮ ಹಬ್ಬ ಅಲ್ಲೇನ್ ಯವ್ವಾ” ಎಂದಳಂತೆ. ಪ್ರತಿ ವರ್ಷ ಶಿಧಾದ ಮೊದಲ ತಾಟು ಆ ಮನೆಗೇ ಹೋಗುತ್ತದೆ. ಅಣ್ಣನ ಮಕ್ಕಳು ಈಗಲೂ ಅದನ್ನು ತಪ್ಪಿಸಿಲ್ಲ.

ಇನ್ನೊಂದು 1972ರ ಬರ. ಮುಂದಿನ ಬಕ್ರೀದ್ 1973ರ ಜನವರಿಯಲ್ಲಿ ಬಂತು. ಆಗ ನಾನು ಸಣ್ಣ ಹುಡುಗಿ. ಊರಿನವರು ಬರಗಾಲ ಕಾಮಗಾರಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಕೆಂಪು ಮಿಲೋ ಜೋಳದ ರೊಟ್ಟಿ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಮೇವಿಲ್ಲದೆ ಜನ ದನ, ಆಡು, ಕುರಿಗಳನ್ನು ಸಿಕ್ಕ ಬೆಲೆಗೆ ಹೊಡೆದುಕೊಂಡು ಬರುತ್ತಿದ್ದರು. ಒಂದರ ಬೆಲೆಗೆ ಎರಡು ಬರುತ್ತವೆ ಎಂದು ಅಬ್ಬಾನಿಗೆ ಯಾರೋ ಹೇಳಿದರು. ದಾದಿ ಒಪ್ಪಲಿಲ್ಲ. ಹೋದ ವರ್ಷ ಎಷ್ಟು ಕೊಟ್ಟಿದ್ದೆವೋ ಅಷ್ಟೇ ಕೊಟ್ಟು ಒಂದೇ ತರಬೇಕು, ಮಾರುವವನ ಕಷ್ಟವನ್ನು ಬೆಲೆ ಮಾಡಿ ಕೊಂಡ ಪ್ರಾಣಿ ಕುರ್ಬಾನಿಗೆ ಬೇಡ ಎಂದರು. ಹಾಗೆಯೇ ತಂದರು. ಆ ವರ್ಷ ಮನೆಯ ಹಿಸ್ಸಾವನ್ನೂ ಹೊರಗೆ ಕೊಟ್ಟು ನಾವು ಕಲೇಜಿಯ ಒಂದೊಂದು ತುಂಡು ಮಾತ್ರ ತಿಂದೆವು. ಧರ್ಮಗ್ರಂಥ ಓದಲು ಬಾರದಿದ್ದ ನನ್ನ ದಾದಿಗೆ ಹಬ್ಬದ ಅರ್ಥ ಗೊತ್ತಿತ್ತು.

ಇಂದಿನ ಸ್ಥಿತಿ ಬೇರೆ. ರಾಜ್ಯದಲ್ಲಿ 1964ರ ಕಾಯ್ದೆಯ ಜಾಗಕ್ಕೆ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದಿದೆ. ಕುರಿ, ಆಡು ಅದರ ಹೊರಗಿವೆ, ಬಡವರಿಗೆ ಅವುಗಳ ಬೆಲೆ ಮಾತ್ರ ಕೈಗೆಟುಕದಷ್ಟು ಏರಿದೆ. ತೊಗಲು ಬೆಲೆ ಕಳೆದುಕೊಂಡಿದೆ. ಹಿಂದೆ ಮದರಸಾದ ಹುಡುಗರು ಮನೆಮನೆಗೆ ಬಂದು ತೊಗಲು ಒಯ್ಯುತ್ತಿದ್ದರು. ಅದು ತಮಿಳುನಾಡಿನ ಆಂಬೂರು, ವಾಣಿಯಂಬಾಡಿಯ ಹದ ಮಾಡುವ ಕಾರ್ಖಾನೆಗಳ ತನಕ ಹೋಗುತ್ತಿತ್ತು, ಬಂದ ರೊಕ್ಕದಲ್ಲಿ ಅನಾಥ ಮಕ್ಕಳ ಊಟ ನಡೆಯುತ್ತಿತ್ತು. ಈಗ ಸಾಗಣೆಯ ಖರ್ಚು ಹುಟ್ಟದೆ ಎಷ್ಟೋ ಕಡೆ ಉಪ್ಪು ಹಾಕಿ ಹೂಳುತ್ತಾರೆ. ಹೊರದೇಶದಲ್ಲಿರುವ ಮಕ್ಕಳು ಮೊಬೈಲಿನಲ್ಲಿ ರೊಕ್ಕ ಕಟ್ಟಿ ಎಲ್ಲೋ ದೂರದಲ್ಲಿ ಕುರ್ಬಾನಿ ಮಾಡಿಸಿಬಿಡುತ್ತಾರೆ. ಧರ್ಮದ ಲೆಕ್ಕದಲ್ಲಿ ಅದು ಸಲ್ಲುತ್ತದೆ. ಆದರೆ ಆ ರೊಕ್ಕ ಔರಾದಿನ ತಾಂಡಾಕ್ಕೆ ಮುಟ್ಟುವುದಿಲ್ಲ, ಆ ಪಾಲು ಭಾಲ್ಕಿಯ ಓಣಿಗೆ ಬರುವುದಿಲ್ಲ, ಹಂಚುವ ಕೈಗೆ ಹಂಚುವುದು ಮರೆತುಹೋಗುತ್ತದೆ.

ಅದಕ್ಕೆ ನಮ್ಮ ಸಮಾಜದವರಲ್ಲಿ ನನ್ನದೊಂದು ಬೇಡಿಕೆ. ಉಳ್ಳವರು ಒಂದಾದರೂ ಆಡನ್ನು ಸಾಕಿದವರ ಕೈಯಿಂದಲೇ, ಅವರು ಹೇಳುವ ನ್ಯಾಯದ ಬೆಲೆಗೆ ಕೊಳ್ಳಿರಿ. ತಕ್ಕಡಿಯನ್ನು ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಿರಿ. ರಸ್ತೆ, ಚರಂಡಿಯಲ್ಲಿ ಒಂದು ಹನಿ ರಕ್ತವಾಗಲಿ ತ್ಯಾಜ್ಯವಾಗಲಿ ಬೀಳದಂತೆ ನೋಡಿಕೊಳ್ಳಿರಿ, ನೆರೆಯವನ ಮನಸ್ಸು ನೋಯಿಸದಿರುವುದೂ ಕುರ್ಬಾನಿಯ ಭಾಗ. ಬೀದರಿನ ಚರಿತ್ರೆ ಬರೆಯುವವರಿಗೂ ಒಂದು ಮಾತು: ನಿಕಿತಿನ್‌ನ ಆನೆಗಳನ್ನು ಬಿಡಬೇಡಿ, ಆದರೆ ಅವುಗಳ ಪಕ್ಕದಲ್ಲಿ ಕುರುಬನ ಹಟ್ಟಿ, ಲಂಬಾಣಿ ತಾಯಿಯ ಬಿತ್ತನೆ ಬೀಜ, ಮುಲ್ಲಾನ ಕಾಳಿನ ಪಾಲು, 1948ರ ಆ ರೊಟ್ಟಿ-ಬೆಲ್ಲ ಇವಕ್ಕೂ ಒಂದೊಂದು ಪುಟ ಕೊಡಿ. ಈ ಹಬ್ಬ ನಮ್ಮ ಸೀಮೆಯಲ್ಲಿ ಇಷ್ಟು ಶತಮಾನ ಬಾಳಿದ್ದು ಇವರೆಲ್ಲರ ಪಾಲು ಇವರಿಗೆ ಸಂದದ್ದರಿಂದ. ಮುಂದೆ ಬಾಳುವುದೂ ಅದರಿಂದಲೇ.